ತಮ್ಮನ ಹಾಡು ರೆಕಾರ್ಡ್ ಆದ ಬಗೆ

ಜೆನಿಫರ್ ಏನು ಹಾಡುತ್ತಾಳೆ ಎಂದು ಕೆಸರೆಯ ಅವರ ಬೀದಿಯಲ್ಲಿ ಯಾರನ್ನಾದರೂ ಕೇಳಿದ್ದರೆ, "ಮೊದ್ಲು ಚರ್ಚಲ್ಲಿ ಹಾಡೋಳು, ಈಗ ದೊಡ್ಡ ಹೋಟೆಲ್‌ಗಳಲ್ಲಿ ಇಂಗ್ಲಿಷ್ ಹಾಡ್ತಾಳೆ" ಎನ್ನುತ್ತಿದ್ದರು. ಅವಳು ಹಾಡುತ್ತಿದ್ದ ಜಾಝ್ ಸಂಗೀತದ ಹೆಸರು ತಾಯಿ ಕ್ಲಾರಾಳ ಬಾಯಲ್ಲೂ ಸರಿಯಾಗಿ ಹೊರಳುತ್ತಿರಲಿಲ್ಲ. ಆದರೂ ಮಗಳು ಹಾಡಲು ಹೊರಟ ಸಂಜೆಗಳಲ್ಲಿ ಅವಳ ಸೀರೆಗೆ ತಾನೇ ಇಸ್ತ್ರಿ ಹಾಕಿಕೊಡುತ್ತಿದ್ದಳು.

ಮೊದಲು ಆ ಮನೆಯಲ್ಲಿ ಮೂವರಿದ್ದರು. ಜೆನಿಫರ್‌ಳ ತಮ್ಮ ರಾಬರ್ಟ್ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ ಒಂದು ಶನಿವಾರ ಕೆಲಸಕ್ಕೆ ಹೋದವನು ಮನೆಗೆ ಬರಲಿಲ್ಲ. ಮರುದಿನ ನಾಲೆಯಲ್ಲಿ ಸಿಕ್ಕಿದ. ಕಾಲು ಜಾರಿ ಬಿದ್ದಿದ್ದಾನೆ ಎಂದು ಬಂಧುಗಳು ಹೇಳಿದರು, ಪಾದ್ರಿಗಳು ಹೇಳಿದರು. ಮಾತಾಡಿಸಲು ಬಂದವರಿಗೆಲ್ಲ ತಾಯಿ ಮಗಳೂ ಅದನ್ನೇ ಹೇಳಿದರು. ತಮ್ಮತಮ್ಮೊಳಗೆ ಮಾತ್ರ ಆ ವಿಷಯ ಎತ್ತಲಿಲ್ಲ. ಅವನ ಇನ್ನೊಂದು ಜೊತೆ ಚಪ್ಪಲಿ ಬಾಗಿಲ ಬಳಿಯೇ ಇತ್ತು. ಕಸ ಗುಡಿಸುವಾಗ ಕ್ಲಾರಾ ಅದನ್ನು ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು.

ಅವನು ಹೋದ ಮೇಲೆ ಜೆನಿಫರ್‌ಗೆ ಬೇರೆಯವರ ಇಂಗ್ಲಿಷ್ ಹಾಡುಗಳು ಬಾಯಲ್ಲಿ ನಿಲ್ಲದಂತಾದವು. ತಾನೇ ಕನ್ನಡದಲ್ಲಿ ಬರೆಯತೊಡಗಿದಳು. ಒಂಟಿಕೊಪ್ಪಲಿನ ಚಂದ್ರಮೌಳಿ ಒಂದು ಸಣ್ಣ ಕಾರ್ಯಕ್ರಮದಲ್ಲಿ ಅವುಗಳಲ್ಲಿ ಎರಡನ್ನು ಕೇಳಿ, ಮುಗಿದ ಮೇಲೆ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡ. ಊರಿನಲ್ಲಿ ಪಿಯಾನೊ ಎಂದರೆ ಅವನ ಹೆಸರೇ ಬರುತ್ತಿತ್ತು. ಐವತ್ತು ದಾಟಿದ್ದ, ಮೆಲ್ಲಗೆ ಮಾತಾಡುವ ಮನುಷ್ಯ. ತಂದೆಯ ಕಾಲದ ಮನೆಯ ನಡುಮನೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದ. ಭಾನುವಾರಗಳಂದು ಅಲ್ಲಿ ಹುಡುಗ ಹುಡುಗಿಯರಿಗೆ ಪಾಠ ನಡೆಯುತ್ತಿತ್ತು.

"ಒಂದು ಆಲ್ಬಮ್ ಮಾಡೋಣ ಜೆನಿಫರ್. ಒಂದು ಅಕ್ಷರವೂ ಸುಳ್ಳಿರಬಾರದು, ಅಷ್ಟೇ ನನ್ನ ಶರತ್ತು," ಎಂದ.

ಅವಳಿಗೆ ಅದು ದೇವರೇ ಕಳಿಸಿದ ಮಾತಿನಂತೆ ಕೇಳಿಸಿತು.

ಕೆಲಸ ಚೆನ್ನಾಗಿಯೇ ಶುರುವಾಯಿತು. ಡ್ರಮ್ಸ್‌ಗೆ ಧನುಶ್ರೀ ಬಂದಳು, ಬಿರುಸು ಮಾತಿನ, ಹಗುರ ಕೈಯ ಹುಡುಗಿ. ಬೇಸ್ ಗಿಟಾರ್ ನುಡಿಸಲು ಶಿವಕುಮಾರ್. ಚಂದ್ರಮೌಳಿಯ ಹಳೆಯ ಶಿಷ್ಯ, ಗುರು ಹೇಳಿದ್ದಕ್ಕೆ ಎದುರಾಡದವನು. ನಡುಮನೆಯಲ್ಲಿ ಮೂವರು ನುಡಿಸುತ್ತಿದ್ದರು. ಪಕ್ಕದ ಹಳೆಯ ದೇವರ ಕೋಣೆಗೆ ಗಾಜಿನ ಬಾಗಿಲು ಹಾಕಿಸಿದ್ದರು, ಅದರೊಳಗೆ ನಿಂತು ಜೆನಿಫರ್ ಹೆಡ್‌ಫೋನ್ ಹಾಕಿಕೊಂಡು ಹಾಡುತ್ತಿದ್ದಳು. ಎಲ್ಲವನ್ನೂ ಹಿಡಿದಿಡುವ ಕಂಪ್ಯೂಟರ್ ಪಿಯಾನೊ ಪಕ್ಕದಲ್ಲೇ, ಚಂದ್ರಮೌಳಿಯ ಕೈಗೆಟುಕುವಂತೆ ಇತ್ತು.

ಎಂಟು ಹಾಡು ಸಲೀಸಾಗಿ ಆದವು. ನಿಂತುಹೋದ ಒಂದು ಮದುವೆ ಮಾತಿನ ಬಗ್ಗೆ, ಹೋಟೆಲ್‌ಗಳಲ್ಲಿ ಯಾರೂ ಕೇಳದೆ ಊಟ ಮಾಡುತ್ತಿದ್ದಾಗ ಹಾಡಿದ ಬಗ್ಗೆ, ದೇವರ ಮೇಲಿನ ಸಿಟ್ಟಿನ ಬಗ್ಗೆ. ಒಂಬತ್ತನೆಯದು ತಮ್ಮನ ಹಾಡು.

ನಿನ್ನ ಹೆಸರು ಕರೆಯಲೆಂದು ಉಸಿರು ಎಳೆದುಕೊಂಡೆ,
ಕರೆಯಲಿಲ್ಲ, ಉಸಿರು ಇನ್ನೂ ಒಳಗೇ ಇದೆ

ಎಂದು ಅದು ಶುರುವಾಗುತ್ತಿತ್ತು. ಮೊದಲ ಸಲ ಹಾಡಿದಾಗ ಧನುಶ್ರೀ ಕಣ್ಣೊರೆಸಿಕೊಂಡಳು. ಚಂದ್ರಮೌಳಿ ತಲೆಯಾಡಿಸಿದ.

"ಚೆನ್ನಾಗಿದೆ. ಆದರೆ ಇದರಲ್ಲಿ ನೀವು ಸುಳ್ಳು ಹೇಳ್ತಿದ್ದೀರಿ."

"ಏನ್ ಸುಳ್ಳು ಸರ್?"

"ಅದು ನನಗೆ ಹೇಗೆ ಗೊತ್ತಾಗಬೇಕು? ಅದನ್ನ ಹುಡುಕೋದು ನಿಮ್ಮ ಕೆಲಸ."

ಮರುದಿನವೂ ಅದೇ, ಅದರ ಮರುದಿನವೂ ಅದೇ. ಟೇಕ್‌ಗಳ ನಡುವೆ ಅವನು ಗಾಜಿನ ಬಾಗಿಲು ತೆರೆದು ಒಳಗೆ ಬಂದು, ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ಕೇಳುತ್ತಿದ್ದ. ಆ ದಿನ ರಾಬರ್ಟ್ ಯಾವ ಶರ್ಟ್ ಹಾಕಿದ್ದ? ಕೊನೆಯ ಮಾತು ಏನಾಡಿದ? ನೀವು ಆ ಮಧ್ಯಾಹ್ನ ಎಲ್ಲಿದ್ದಿರಿ? "ರಿಹರ್ಸಲ್‌ನಲ್ಲಿ," ಎನ್ನುತ್ತಿದ್ದಳು ಜೆನಿಫರ್. "ಫೋನ್?" "ಸ್ವಿಚ್ ಆಫ್ ಮಾಡಿದ್ದೆ." ಅವನು ಬೇಸರಿಸಿಕೊಳ್ಳುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಅವಳು ಅತ್ತರೆ ನೀರು ತಂದುಕೊಡುತ್ತಿದ್ದ. ಒಂದು ದಿನ ಹೀಗೆ ಅತ್ತು ಮುಗಿಸಿ ತಲೆಯೆತ್ತಿದಾಗ ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು.

"ರೆಕಾರ್ಡ್ ಆಗ್ತಿದೆಯಾ ಸರ್?"

"ಅಯ್ಯೋ, ಮರೆತೆ," ಎಂದು ಹೋಗಿ ಆರಿಸಿದ.

ಅಂದು ಗೇಟಿನ ಬಳಿ ಧನುಶ್ರೀ ಅವಳನ್ನು ತಡೆದಳು. "ಅಕ್ಕಾ, ನಂಗ್ಯಾಕೋ ಸರಿ ಅನ್ನಿಸ್ತಿಲ್ಲ. ನಿನ್ನೇನೂ ಆ ದೀಪ ಹತ್ಕೊಂಡೇ ಇತ್ತು. ಈ ಹಾಡು ಬುಟ್ಬುಡೋಣ. ಎಂಟು ಸಾಲದಾ?"

"ಸರ್ ಹೇಳೋದು ನಿಜ ಕಣೆ. ಏನೋ ಒಂದು ಒಳಗೇ ಉಳ್ಕೊಂಡಿದೆ. ಅದು ಬರ್ತಿಲ್ಲ," ಎಂದಳು ಜೆನಿಫರ್.

ಆ ಸಂಜೆ ಊಟಕ್ಕೆ ಬಡಿಸುತ್ತ ಕ್ಲಾರಾ, "ನಿಮ್ಮ ಪಿಯಾನೊ ಮೇಷ್ಟ್ರು ಒಳ್ಳೇ ಮನುಷ್ಯ ಕಣಮ್ಮ," ಎಂದಳು.

ಜೆನಿಫರ್ ತಟ್ಟೆಯಿಂದ ತಲೆಯೆತ್ತಿದಳು. "ನಿಂಗೆಂಗೆ ಗೊತ್ತು?"

ತಾಯಿ ಸಾರಿನ ಪಾತ್ರೆಯ ಕಡೆ ತಿರುಗಿದಳು. "ನೀನೇ ಹೇಳ್ತಿರ್ತೀಯಲ್ಲ. ಅಂಗೇ ಅಂದೆ."

ಅವಳ ದನಿಯಲ್ಲಿ ಎಂದೂ ಇಲ್ಲದ ಒಂದು ಹಗುರ ಇತ್ತು. ಬಹಳ ದಿನ ಹೊತ್ತಿದ್ದ ಕೊಡ ಇಳಿಸಿದವಳ ಹಾಗೆ. ಜೆನಿಫರ್‌ಗೆ ಅದು ಕೇಳಿಸಿತು. ಆದರೆ ದಣಿದಿದ್ದಳು, ಮತ್ತೆ ಕೇಳಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಅವಳು ಸ್ಟುಡಿಯೊಗೆ ಹೋದಾಗ ಚಂದ್ರಮೌಳಿ ಎಂದಿಗಿಂತ ಉಲ್ಲಾಸದಲ್ಲಿದ್ದ. ಉಪ್ಪಿಟ್ಟು ಮಾಡಿಸಿಟ್ಟಿದ್ದ. ಎಲ್ಲರಿಗೂ ತಾನೇ ಕೊಟ್ಟ. "ಇವತ್ತು ಏನೂ ಕೇಳಲ್ಲ. ಒಂದೇ ಸಲ ಹಾಡೋಣ. ಏನೇ ಆದರೂ ನಿಲ್ಲಿಸಬೇಡಿ. ಹೆಡ್‌ಫೋನ್ ತೆಗೀಬೇಡಿ. ಮಾತು ಕೊಡಿ," ಎಂದ. ಜೆನಿಫರ್ ಮಾತು ಕೊಟ್ಟಳು.

ಹಾಡು ಶುರುವಾಯಿತು. ಮೊದಲ ಚರಣ ಮುಗಿದು ಬೇಸ್ ಒಂದೇ ನಡೆಯುವ ಜಾಗ ಬಂತು. ಆಗ ಅವಳ ಕಿವಿಯಲ್ಲಿ, ಬೇಸಿನ ಹಿಂದೆ, ಯಾರೋ ಕೆಮ್ಮಿದರು. ಆಮೇಲೆ ತಾಯಿಯ ದನಿ.

"ಬಂದಿದ್ದ ಸಾರ್. ಅವತ್ತು ಮಧ್ಯಾಹ್ನ ಮನೆಗೆ ಬಂದಿದ್ದ. ಯಾರ್ಗೂ ಹೇಳಿಲ್ಲ ನಾನು. ಅಕ್ಕ ಎಲ್ಲಿ ಅಮ್ಮಾ ಅಂದ. ಹಾಡಕ್ಕೆ ಹೋಗವ್ಳೆ, ಅವಳ್ಗೆ ತೊಂದ್ರೆ ಕೊಡ್ಬೇಡ ಅಂದೆ. ಫೋನ್ ಮಾಡ್ದ, ಹತ್ಲಿಲ್ಲ. ಕಾಫಿ ಕೊಟ್ಟೆ, ಅರ್ಧ ಕುಡ್ದ. ಆಯ್ತು ಬುಡಮ್ಮ, ಅಕ್ಕ ಹಾಡಿ ಮುಗಿಸ್ಲಿ ಅಂದ. ಹೋದ."

ಜೆನಿಫರ್‌ಳ ಕೈ ಹೆಡ್‌ಫೋನಿಗೆ ಹೋಯಿತು, ಅಲ್ಲೇ ನಿಂತಿತು. ಎರಡನೆಯ ಚರಣದ ಜಾಗ ಬಂದಿತ್ತು. ಹದಿನೈದು ವರ್ಷ ತಾಳಕ್ಕೆ ಸರಿಯಾಗಿ ಬಾಯಿ ತೆರೆದು ರೂಢಿಯಾಗಿದ್ದ ಮೈ, ಅವಳನ್ನು ಕೇಳದೆಯೇ ಬಾಯಿ ತೆರೆಯಿತು. ಬಂದದ್ದು ಬರೆದ ಸಾಲಲ್ಲ. ಮಾತೂ ಅಲ್ಲ. ತಮ್ಮನ ಹೆಸರಿನ ಮೊದಲ ಅಕ್ಷರ ಮಾತ್ರ, ಮುರಿದು, ಮತ್ತೆ ಮೇಲೆದ್ದು, ಮತ್ತೆ ಮುರಿದು. ಹೊರಗಿದ್ದವರಿಗೆ ತಾಯಿಯ ದನಿ ಕೇಳಿಸುತ್ತಿರಲಿಲ್ಲ. ಶಿವಕುಮಾರ್ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದ. ಧನುಶ್ರೀ ಗಾಜಿನಾಚೆ ನೋಡಿ ಕೋಲು ಕೆಳಗಿಟ್ಟಳು. ಪಿಯಾನೊ ಕೊನೆಯತನಕ ಜೆನಿಫರ್‌ಳ ದನಿಯ ಜೊತೆಗೇ ಹೋಯಿತು, ಒಂದು ಸ್ವರವೂ ತಪ್ಪದೆ.

ಮುಗಿದಾಗ ಚಂದ್ರಮೌಳಿಯ ಕೆನ್ನೆ ಒದ್ದೆಯಾಗಿತ್ತು. "ಬಂತು," ಎಂದ. "ಬಂತು ನೋಡಿ."

ಧನುಶ್ರೀ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಜೆನಿಫರ್ ಗೋಡೆಗೊರಗಿ ಕೂತಿದ್ದಳು. ಹೆಡ್‌ಫೋನ್ ತೆಗೆದು ಧನುಶ್ರೀಯ ಕೈಗೆ ಕೊಟ್ಟಳು.

"ಅಕ್ಕನ ಕಿವೀಲಿ ಏನ್ ಹಾಕಿದ್ರಿ ಸರ್?" ಧನುಶ್ರೀ ಕೂಗಿದಳು.

"ನಿಜ ಹಾಕಿದೆ," ಎಂದ ಅವನು. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. "ಜೆನಿಫರ್, ಇಷ್ಟು ಚೆನ್ನಾಗಿ ನೀವು ಹಿಂದೆ ಹಾಡಿಲ್ಲ, ಮುಂದೆ ಹಾಡೋದೂ ಇಲ್ಲ. ಅದು ನಿಮಗೂ ಗೊತ್ತು."

ಅವಳಿಗೆ ಗೊತ್ತಿತ್ತು. ಅದೇ ಅವಳನ್ನು ಹೆಚ್ಚು ಹೆದರಿಸಿದ್ದು.

ಮನೆಗೆ ಹೋದಾಗ ಕ್ಲಾರಾ ಬಟ್ಟೆ ಮಡಿಸುತ್ತಿದ್ದಳು. ಮಗಳ ಮುಖ ನೋಡಿ ಕೈ ನಿಲ್ಲಿಸಿದಳು.

"ರಾಬಿ ಬಂದಿದ್ನಾ ಅಮ್ಮ?"

ಕ್ಲಾರಾ ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ಮೇಷ್ಟ್ರು ಹೇಳ್ಬುಟ್ರಾ?"

"ನಿನ್ನ ಮಾತನ್ನೇ ರೆಕಾರ್ಡ್ ಮಾಡಿ ನನ್ನ ಕಿವೀಲಿ ಹಾಕಿದ್ರು."

"ಅವರೇ ಬಂದಿದ್ರು ಕಣೆ, ಹಣ್ಣು ತಂದಿದ್ರು. ನೀನೇ ಕಳ್ಸಿದ್ದು ಅಂದ್ರು. ನನ್ ಸಂಕಟ ಹೇಳ್ಕೊಳ್ಲಿ ಅಂತ ಕಳ್ಸಿದೀಯ ಅಂದ್ಕೊಂಡೆ, ನಿಂಗೆ ಹೇಳಲ್ಲ ಅಂತ ಮಾತು ಕೊಟ್ಟಿದ್ರು. ಫೋನು ಟೇಬಲ್ ಮೇಲಿಟ್ಟಿದ್ರು. ಅದ್ರಲ್ಲಿ ಹಿಡ್ಕೊಳ್ತಾರೆ ಅಂತ ನಂಗೇನ್ ಗೊತ್ತು?"

"ಎರಡು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹಾಡೋದು ಬುಟ್ಬುಡ್ತಿದ್ದೆ," ಎಂದಳು ಕ್ಲಾರಾ. "ಒಬ್ಬನ್ನ ನಾಲೆಗೆ ಕೊಟ್ಟೆ. ಇನ್ನೊಬ್ಬಳ ಬಾಯಿ ನಾನೇ ಎಂಗೆ ಮುಚ್ಚಲಿ?"

ಜೆನಿಫರ್ ತಾಯಿಯ ಮಡಿಲಲ್ಲಿ ತಲೆಯಿಟ್ಟಳು. ಮಡಿಸಿದ್ದ ಬಟ್ಟೆಗಳೆಲ್ಲ ಕೆಳಗೆ ಬಿದ್ದವು. ಅಂದು ಅವರು ರಾಬರ್ಟ್‌ನ ಬಗ್ಗೆ ಮಾತಾಡಿದರು. ಕೆಲಸದಲ್ಲಿ ಅವನು ಕೊನೆಕೊನೆಗೆ ಯಾರ ಜೊತೆಯೂ ಊಟಕ್ಕೆ ಕೂರುತ್ತಿರಲಿಲ್ಲವಂತೆ ಎಂಬುದನ್ನು, ಕಾಲು ಜಾರಿದ ಮಾತನ್ನು ತಾವಿಬ್ಬರೂ ನಂಬಿರಲಿಲ್ಲ ಎಂಬುದನ್ನು. ಆ ಮಾತು ಇಬ್ಬರನ್ನೂ ಹಗುರ ಮಾಡಿತು ಎಂದೇನಿಲ್ಲ. ಆದರೆ ಆಡಿದ್ದಾಯಿತು.

ಮರುದಿನ ಕ್ಲಾರಾ ತಾನೇ ಹೊರಟುನಿಂತಳು. ತಾಯಿ ಮಗಳು ಸ್ಟುಡಿಯೊಗೆ ಹೋದಾಗ ಚಂದ್ರಮೌಳಿ ಎದ್ದು ನಿಂತು ಕೈಮುಗಿದ.

"ನಿಮ್ಮ ಹತ್ರ ನಾನು ಕಷ್ಟ ಹೇಳ್ಕೊಂಡೆ ಸಾರ್. ನನ್ ಮಗಳ ಕಿವೀಗೆ ಹಾಕಿ ಅಂತ ಕೊಟ್ಟಿದ್ದಲ್ಲ. ಆ ಮಾತು ನಂದು. ವಾಪಸ್ ಕೊಡಿ," ಎಂದಳು ಕ್ಲಾರಾ.

ಶಿವಕುಮಾರ್ ಮೂಲೆಯಿಂದ, "ಅಮ್ಮಾ, ಕಲೆ ಅಂದ್ಮೇಲೆ ಇವೆಲ್ಲ ಇದ್ದಿದ್ದೇ," ಎಂದ. ಯಾರೂ ಅವನ ಕಡೆ ನೋಡಲಿಲ್ಲ.

ಚಂದ್ರಮೌಳಿ ವಾದಿಸುತ್ತಾನೆ ಎಂದು ಜೆನಿಫರ್ ಎಣಿಸಿದ್ದಳು. ಅವನು ವಾದಿಸಲಿಲ್ಲ. "ಖಂಡಿತ ಅಮ್ಮ," ಎಂದು ಕಂಪ್ಯೂಟರ್ ತೆರೆದು, ತಾಯಿಯ ಮಾತು, ಒಂಬತ್ತನೆಯ ಹಾಡು, ಎರಡನ್ನೂ ಅವರ ಕಣ್ಣೆದುರಿಗೇ ಅಳಿಸಿದ. ಖಾಲಿ ಪರದೆ ತೋರಿಸಿದ. ಅವರನ್ನು ಗೇಟಿನ ತನಕ ಬಂದು ಕಳಿಸಿಕೊಟ್ಟ. ಹಿಂದಿರುಗಿ ಬರುವಾಗ ಆಟೋದಲ್ಲಿ ಕ್ಲಾರಾ ಸಮಾಧಾನದಿಂದ ಶಿಲುಬೆಯ ಗುರುತು ಮಾಡಿಕೊಂಡಳು. ಜೆನಿಫರ್‌ಗೆ ಸಮಾಧಾನವಾಗಲಿಲ್ಲ. ಅಷ್ಟು ಸುಲಭವಾಗಿ ಅವನು ಒಪ್ಪಬಾರದಿತ್ತು.

ಎಂಟು ಹಾಡಿನ ಆಲ್ಬಮ್ ಮಳೆಗಾಲದಲ್ಲಿ ಬಂತು. ಕೇಳಿದವರು ಮೆಚ್ಚಿದರು. ಅವಳೂ ಧನುಶ್ರೀಯೂ ಬೇರೆ ಪಿಯಾನೊದವರನ್ನು ಕಟ್ಟಿಕೊಂಡು ಹಾಡತೊಡಗಿದರು. ವಿಚಿತ್ರವೆಂದರೆ ಗುರುತಿಲ್ಲದ ಒಬ್ಬಿಬ್ಬರು ಹುಡುಗರು ಕಾರ್ಯಕ್ರಮದ ನಂತರ ಅವಳ ಹತ್ತಿರ ಬಂದು, ಏನೋ ಕೇಳಲು ಹೊರಟು, ಅವಳ ಮುಖ ನೋಡಿ ಹಿಂದೆ ಸರಿಯುತ್ತಿದ್ದರು. ಒಬ್ಬ ಹುಡುಗಿಯಂತೂ, "ನಿಮ್ಮ ತಮ್ಮನ ವಿಷಯ ಕೇಳಿ ತುಂಬಾ ಬೇಜಾರಾಯ್ತು ಮೇಡಂ," ಎಂದು ಹೇಳಿ ಹೋದಳು. ರಾಬರ್ಟ್‌ನ ಬಗ್ಗೆ ಜೆನಿಫರ್ ವೇದಿಕೆಯಲ್ಲಿ ಎಂದೂ ಮಾತಾಡಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಧನುಶ್ರೀ ಫೋನ್ ಮಾಡಿದಳು. "ಅಕ್ಕಾ, ನನ್ನ ಚಿಕ್ಕಪ್ಪನ ಮಗಳು ಲಾಸ್ಯ ಸರ್ ಹತ್ರ ಪಾಠಕ್ಕೆ ಸೇರವ್ಳೆ. ಹೊಸಬ್ರು ಬಂದಾಗೆಲ್ಲ ಒಂದು ಹಾಡು ಹಾಕ್ತಾರಂತೆ. ನಿಜ ಅಂದ್ರೆ ಇದು ಅಂತ." ದನಿ ತಗ್ಗಿಸಿ ಹೇಳಿದಳು, "ಅಮ್ಮನ ಮಾತೂ ಅದ್ರಲ್ಲೇ ಸೇರ್ಸವ್ರಂತೆ. ಅಳಿಸೋ ಮುಂಚೇನೇ ಇನ್ನೊಂದು ಕಾಪಿ ಇಟ್ಕೊಂಡವ್ರೆ."

ಜೆನಿಫರ್ ತಾಯಿಗೆ ಹೇಳಲಿಲ್ಲ. ಬಸ್ಸು ಹಿಡಿದು ಒಂಟಿಕೊಪ್ಪಲಿಗೆ ಹೋದಳು.

ಗೇಟಿನ ಬಳಿಯೇ ತನ್ನದೇ ದನಿ ಅವಳಿಗೆ ಕೇಳಿಸಿತು. ಕಿಟಕಿಗಳು ತೆರೆದಿದ್ದವು. ಮುರಿದು, ಮೇಲೆದ್ದು, ಮತ್ತೆ ಮುರಿಯುವ ಆ ದನಿಯನ್ನು ಅವಳು ಹೊರಗಿನಿಂದ ಕೇಳುತ್ತಿದ್ದುದು ಅದೇ ಮೊದಲು. ಚಪ್ಪಲಿಗಳ ರಾಶಿ ದಾಟಿ ನಡುಮನೆಗೆ ಹೋದಳು. ಚಾಪೆಯ ಮೇಲೆ ಹುಡುಗ ಹುಡುಗಿಯರು ತಲೆ ತಗ್ಗಿಸಿ ಕೂತಿದ್ದರು. ಚಂದ್ರಮೌಳಿ ಅವಳನ್ನು ಕಂಡು ಬೆಚ್ಚಲಿಲ್ಲ.

"ಬನ್ನಿ ಜೆನಿಫರ್. ಬರ್ತೀರಿ ಅಂತ ಗೊತ್ತಿತ್ತು," ಎಂದು ಪಕ್ಕದ ಕುರ್ಚಿ ತೋರಿಸಿದ.

ಅವಳು ಕೂರಲಿಲ್ಲ. ಹಾಡು ಮುಗಿಯುವವರೆಗೆ ನಿಂತೇ ಇದ್ದು, ಆಮೇಲೆ ಮಕ್ಕಳ ಕಡೆ ತಿರುಗಿದಳು. "ಇದು ನಾನೇ. ಇದು ಹೇಗಾಯ್ತು ಅಂತ ನಿಮ್ಮ ಸರ್ ಹೇಳಿರಲ್ಲ. ನಾನು ಹೇಳ್ತೀನಿ," ಎಂದಳು.

ಆಗ ಚಂದ್ರಮೌಳಿಯ ಕೈ ಮೆಲ್ಲಗೆ ಕಂಪ್ಯೂಟರಿನ ಕಡೆ ಸರಿಯಿತು. ಪಾಠಕ್ಕೆಂದು ಅಲ್ಲಿ ನಿಲ್ಲಿಸಿದ್ದ, ಅವಳ ಎದುರಿನ ಮೈಕಿನಲ್ಲಿ ಕೆಂಪು ದೀಪ ಹತ್ತಿತು. ಅವನ ಮುಖದಲ್ಲಿ ಉಪ್ಪಿಟ್ಟು ಕೊಟ್ಟ ದಿನದ ಉಲ್ಲಾಸವೇ ಇತ್ತು. "ನಿಲ್ಲಿಸಬೇಡಿ," ಎಂದ ಪಿಸುದನಿಯಲ್ಲಿ, ಅಕ್ಕರೆಯಿಂದ.

ಜೆನಿಫರ್ ಆ ದೀಪವನ್ನೇ ನೋಡಿದಳು. ಬಗ್ಗಿ ಮೈಕಿನ ವಯರು ಹಿಡಿದೆಳೆದಳು, ದೀಪ ಆರಿತು. ಬಳಿಕ ಮಕ್ಕಳ ನಡುವೆ ಚಾಪೆಯ ಮೇಲೆ ಕೂತು, ಅವನಿಗೆ ಬೆನ್ನು ಹಾಕಿ, ತಮ್ಮನ ಹೆಸರಿನಿಂದ ಶುರುಮಾಡಿದಳು. ಲಾಸ್ಯ ಹತ್ತಿರಕ್ಕೆ ಸರಿದಳು. ಹಿಂದಿನ ಸಾಲಿನಲ್ಲಿ ಯಾರೋ ಜೇಬಿನಿಂದ ಫೋನ್ ತೆಗೆದು ತನ್ನ ಕಡೆ ಹಿಡಿಯುತ್ತಿರುವುದು ಅವಳಿಗೆ ಕಾಣಿಸಿತು. ಒಂದು ಕ್ಷಣ ತಡೆದಳು. ಆದರೂ ಮಾತು ನಿಲ್ಲಿಸಲಿಲ್ಲ.