ಸ್ನೇಹನಗರದ ಸಮಾಧಿ

ಪತ್ರ ಮೂರು ಸಾಲು ಮೀರಬಾರದು ಎಂದು ಪುರಸಭೆಯ ಅಧ್ಯಕ್ಷ ಮೋರ್ಟೆನ್ ಬಾಗಿಲಲ್ಲಿ ನಿಂತೇ ಹೇಳಿದ. ಕೈಯಲ್ಲಿ ಕಾಫಿ ಲೋಟವಿತ್ತು. ಒಳಗೆ ಬಂದು ಕುಳಿತರೆ ಮಾತು ಬೆಳೆಯುತ್ತದೆಂದು ಅವನಿಗೆ ಗೊತ್ತಿತ್ತು. ಗುನ್ವೋರ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಮೂರೇ ಇದೆ. ಓದ್ಲಾ?"

"ಓದು."

"ಸ್ಟೆನ್‌ಮೋರ ಪುರಸಭೆಯು ಶಾನ್‌ಪು ನಗರದೊಂದಿಗಿನ ಸ್ನೇಹ ಒಪ್ಪಂದವನ್ನು ಮುಂದುವರಿಸುವುದಿಲ್ಲ. ಈ ತೀರ್ಮಾನ ಇಂದಿನಿಂದ ಜಾರಿಗೆ ಬರುತ್ತದೆ. ಇಷ್ಟು ವರ್ಷಗಳ ಸಹಕಾರಕ್ಕೆ ಧನ್ಯವಾದಗಳು."

"ಧನ್ಯವಾದ ಬೇಕಾ?"

"ಬೇಡ ಅಂದ್ರೆ ತೆಗೀತೀನಿ."

ಮೋರ್ಟೆನ್ ಒಂದು ಗುಟುಕು ಕುಡಿದ. "ಇರ್ಲಿ ಬಿಡು," ಎಂದು ಹೊರಟುಹೋದ.

ಗುನ್ವೋರ್ ಸ್ವೀಡನ್ನಿನ ಆ ಪುರಸಭೆಗೆ ಕಾರ್ಯದರ್ಶಿಯಾಗಿ ಬಂದು ಮೂವತ್ತೊಂದು ವರ್ಷವಾಗಿತ್ತು. ಬರುವ ವರ್ಷ ನಿವೃತ್ತಿ. ಚೀನಾದ ಶಾನ್‌ಪು ಜೊತೆಗಿನ ಮೊದಲ ಒಪ್ಪಂದವನ್ನು ಟೈಪ್ ಮಾಡಿದವಳೂ ಅವಳೇ. ಆಗ ಊರಿಗೆ ಊರೇ ಕ್ರೀಡಾಂಗಣದಲ್ಲಿ ಸೇರಿ ಕೇಕ್ ತಿಂದಿತ್ತು. ಈಗ ಕಾಲ ಹಾಗಿರಲಿಲ್ಲ. ಭದ್ರತಾ ಪೊಲೀಸರ ಕಡೆಯಿಂದ ಇಬ್ಬರು ಬಂದು, ಇಂಥ ಸ್ನೇಹಗಳ ಮೂಲಕ ಏನೇನು ಮಾಹಿತಿ ಹೊರಗೆ ಹೋಗುತ್ತದೆಂದು ಪರದೆಯ ಮೇಲೆ ತೋರಿಸಿ ಹೋಗಿದ್ದರು. ಸ್ವೀಡನ್ನಿನ ಪ್ರಜೆಯೊಬ್ಬ ಚೀನಾದ ಜೈಲಿನಲ್ಲಿದ್ದ. ಒಂದೊಂದೇ ಊರು ಚೀನಾದ ತನ್ನ ಸ್ನೇಹನಗರವನ್ನು ಕೈಬಿಡುತ್ತಿದೆ ಎಂದು ಪತ್ರಿಕೆಗಳು ಪಟ್ಟಿ ಕೊಡುತ್ತಿದ್ದವು. ಏಷ್ಯಾದಲ್ಲಿ ಬೇರೆ ಗೆಳೆಯರನ್ನು ಹುಡುಕಿಕೊಳ್ಳುವುದು ಒಳ್ಳೆಯದು ಎಂಬ ಮಾತು ಬ್ರಸೆಲ್ಸಿನಿಂದ ಸ್ಟಾಕ್‌ಹೋಮಿಗೂ, ಅಲ್ಲಿಂದ ಸ್ಟೆನ್‌ಮೋರಕ್ಕೂ ಇಳಿದು ಬಂದಿತ್ತು. ಮೇ ತಿಂಗಳಲ್ಲಿ ಜಪಾನಿನ ಒಂದು ಊರಿನವರು ಬರುವುದೆಂದು ಗೊತ್ತಾಗಿತ್ತು. ಮರದ ಕೆಲಸಕ್ಕೆ ಹೆಸರಾದ ಊರಂತೆ.

ಅದೇ ದಿನದ ಸಭೆಯಲ್ಲಿ ಒಪ್ಪಂದ ಕೈಬಿಡುವುದಕ್ಕೆ ಮೂವತ್ತೊಂದು ಮತ ಪರ, ನಾಲ್ಕು ವಿರೋಧ. ಗುನ್ವೋರ್ ನಡಾವಳಿ ಬರೆದುಕೊಂಡಳು. ಯಾರೂ ಹೆಚ್ಚು ಮಾತಾಡಲಿಲ್ಲ. ಅವಳಿಗೂ ಏನೂ ಅನ್ನಿಸಲಿಲ್ಲ. ಮೇಲಿನ ಟ್ಯೂಬ್‌ಲೈಟೊಂದು ಗುಂಯ್‌ಗುಡುತ್ತಿದ್ದದ್ದು ಮಾತ್ರ ಆಮೇಲೂ ನೆನಪಿನಲ್ಲಿತ್ತು.

ಪತ್ರ ಹೋದ ಎರಡನೇ ದಿನ ಚರ್ಚಿನ ಸ್ಮಶಾನ ಕಚೇರಿಯಿಂದ ಸೋಲ್ವೇಗ್ ಫೋನ್ ಮಾಡಿದಳು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು.

"ಗುನ್ವೋರ್, ನಿಮ್ಮವರು ಕಾಗದ ವಾಪಸ್ ಕಳಿಸಿದ್ದಾರಲ್ಲ. ನಂಬರ್ ನಾನೂರ ಹನ್ನೆರಡು."

"ಯಾವ ಕಾಗದ?"

"ಚ್ಯೂ ದೆಹಾಯ್. ಸಮಾಧಿ ಹಕ್ಕು ಇಪ್ಪತ್ತೈದು ವರ್ಷಕ್ಕೆ ಇತ್ತು, ಈ ತಿಂಗಳ ಕೊನೆಗೆ ಮುಗಿಯತ್ತೆ. ಹಕ್ಕುದಾರರು ಪುರಸಭೆ. ನವೀಕರಿಸ್ತೀರಾ ಅಂತ ಕೇಳಿದ್ದೆ. ಇಲ್ಲ ಅಂತ ಗುರುತು ಹಾಕಿ ಕಳಿಸಿದ್ದಾರೆ."

"ನವೀಕರಿಸದೇ ಇದ್ರೆ?"

"ಕಲ್ಲು ತೆಗೆದು ಹಿಂದಿನ ಗೋಡೆಗೆ ಒರಗಿಸ್ತೀವಿ. ಒಂದೆರಡು ವರ್ಷ ಯಾರಾದ್ರೂ ಬರ್ತಾರಾ ನೋಡ್ತೀವಿ. ಆಮೇಲೆ ಪುಡಿ ಮಾಡಿಸಿ ಕಾಲುದಾರಿಗೆ ಹಾಕ್ತೀವಿ. ಜಾಗ ಬೇರೆಯವರಿಗೆ."

ಚ್ಯೂ ದೆಹಾಯ್ ಟೇಬಲ್ ಟೆನಿಸ್ ಕಲಿಸಲು ಶಾನ್‌ಪುವಿನಿಂದ ಬಂದವನು. ಒಪ್ಪಂದದ ಪ್ರಕಾರ ಒಂದು ವರ್ಷಕ್ಕೆಂದು ಬಂದು, ಹತ್ತು ತಿಂಗಳು ಗುನ್ವೋರಳ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದ. ಅವಳು ಆಗಷ್ಟೇ ಗಂಡನಿಂದ ಬೇರೆಯಾಗಿದ್ದಳು, ಆ ಕೋಣೆ ಖಾಲಿಯಿತ್ತು. ಭಾನುವಾರ ಅವನು ಟೊಮೇಟೊ ಹಾಕಿ ಮೊಟ್ಟೆ ಹುರಿಯುತ್ತಿದ್ದ. ಅವಳು ಆಲೂಗಡ್ಡೆ ಬೇಯಿಸುತ್ತಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಕಾರಣ ಊಟ ಸದ್ದಿಲ್ಲದೆ ಮುಗಿಯುತ್ತಿತ್ತು. ಫೆಬ್ರವರಿಯ ಒಂದು ಸಂಜೆ ಕ್ರೀಡಾಂಗಣದ ಬೆಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ದೇಹ ಕಳಿಸುವುದು ಆ ಕಾಲಕ್ಕೆ ಆಗುವ ಮಾತಾಗಿರಲಿಲ್ಲ. ಅಲ್ಲೇ ಇರಲಿ, ಊರಿನವರು ನೋಡಿಕೊಳ್ಳುತ್ತಾರಲ್ಲ ಎಂದು ಹೆಂಡತಿ ಬರೆಸಿ ಕಳಿಸಿದ್ದಳು. ಮಗಳು ಮಿನ್‌ಹ್ವಾಗೆ ಆಗ ಒಂಬತ್ತು ವರ್ಷ.

ಗುನ್ವೋರ್ ಮೋರ್ಟೆನ್‌ನ ಕೋಣೆಗೆ ಹೋದಳು.

"ನಾನೂರ ಹನ್ನೆರಡಕ್ಕೆ ಇಲ್ಲ ಅಂತ ಗುರುತು ಹಾಕಿದ್ದು ನೀನಾ?"

"ಚೀನಾ ಖಾತೆಯಲ್ಲಿ ಇದ್ದದ್ದೆಲ್ಲ ಮುಚ್ಚಬೇಕಿತ್ತು. ಒಂದಿಟ್ಟುಕೊಂಡು ಒಂದು ಬಿಟ್ಟರೆ ಪತ್ರಿಕೆಯವರು ಕೇಳ್ತಾರೆ."

"ಸತ್ತವನ ಬಗ್ಗೆ ಕೇಳ್ತಾರಾ?"

"ಗುನ್ವೋರ್, ಇದು ಆ ಮನುಷ್ಯನ ಬಗ್ಗೆ ಅಲ್ಲ. ಸಂಬಂಧಿಕರಿದ್ದಾರಲ್ಲ, ಅವರ ಹೆಸರಿಗೆ ಮಾಡಿಸಿಕೊಳ್ಳಲಿ. ಕಾನೂನು ಬೇಡ ಅನ್ನಲ್ಲ."

ಅವನ ಮಾತು ಸರಿಯಾಗಿಯೇ ಇತ್ತು. ಅವಳು ವಾಪಸ್ ಬಂದು ಮಧ್ಯಾಹ್ನದ ಅಂಚೆ ವಿಂಗಡಿಸಿದಳು.

ಮಾರನೆಯ ಬೆಳಿಗ್ಗೆ ಮನೆಯಿಂದಲೇ ಮಿನ್‌ಹ್ವಾಗೆ ಫೋನ್ ಮಾಡಿದಳು. ಪ್ರತಿ ವಸಂತಕ್ಕೂ ಸಮಾಧಿಯ ಫೋಟೊ ಕಳಿಸುತ್ತಾ ಬಂದಿದ್ದ ನಂಟು ಅದು. ಇಬ್ಬರದೂ ಅರೆಬರೆ ಇಂಗ್ಲಿಷ್. ಮಿನ್‌ಹ್ವಾ ಈಗ ಶಾನ್‌ಪುವಿನ ಸರಕಾರಿ ಶಾಲೆಯಲ್ಲಿ ಟೀಚರ್. ಹದಿನಾರನೇ ವಯಸ್ಸಿನಲ್ಲಿ ಒಂದು ಸಲ ನಿಯೋಗದ ಜೊತೆ ಬಂದು ಅಪ್ಪನ ಕಲ್ಲಿನ ಮುಂದೆ ನಿಂತು ಹೋಗಿದ್ದಳು.

ಗುನ್ವೋರ್ ಕಾಗದದ ವಿಷಯ ಹೇಳಿದಳು. "ನೀನು ಸಹಿ ಮಾಡಿ ಕಳಿಸಿದ್ರೆ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಮಿನ್‌ಹ್ವಾಳ ದನಿ ತಗ್ಗಿತು.

"ಗುನ್ವೋರ್ ಚಿಕ್ಕಮ್ಮ, ನಿಮ್ಮ ಪತ್ರ ಇಲ್ಲಿ ಎಲ್ಲರೂ ಓದಿದ್ದಾರೆ. ನಮ್ಮ ಪೇಪರ್‌ನಲ್ಲೂ ಬಂತು. ನಿನ್ನೆ ಪ್ರಿನ್ಸಿಪಾಲರು ಕರೆದಿದ್ರು. ನಿಮ್ಮ ತಂದೆ ಆ ಊರಲ್ಲೇ ಅಲ್ವಾ ಅಂತ ಕೇಳಿದ್ರು."

"ಏನಂದೆ?"

"ಹೌದು ಅಂದೆ. ಈಗ ನಾನು ವಿದೇಶದ ಕಾಗದಕ್ಕೆ ಸಹಿ ಹಾಕೋಕೆ ಆಗಲ್ಲ. ಸ್ವಲ್ಪ ದಿನ ಫೋನೂ ಬೇಡ. ಫೋಟೊನೂ ಬೇಡ. ತಪ್ಪು ತಿಳ್ಕೋಬೇಡಿ."

"ಇಲ್ಲ. ಅಮ್ಮ ಹೇಗಿದ್ದಾರೆ?"

"ಮಂಡಿ ನೋವು. ನಿಮ್ಮನ್ನ ಕೇಳ್ತಿರ್ತಾರೆ. ಅವರಿಗೆ ಇದು ಯಾವುದೂ ಹೇಳಿಲ್ಲ ನಾನು."

"ಹೇಳ್ಬೇಡ," ಎಂದಳು ಗುನ್ವೋರ್. ಫೋನಿಡುವಷ್ಟರಲ್ಲಿ ಸ್ಟವ್ ಮೇಲಿದ್ದ ಗಂಜಿ ತಳ ಹಿಡಿದಿತ್ತು. ಮೇಲಿನದನ್ನು ತಟ್ಟೆಗೆ ಹಾಕಿಕೊಂಡು ತಿಂದಳು. ಪಾತ್ರೆ ನೆನೆಹಾಕಿ, ಕೋಟು ತೊಟ್ಟು ಕೆಲಸಕ್ಕೆ ಹೊರಟಳು.

ಆ ವಾರವಿಡೀ ಅವಳು ಎಂದಿನಂತೆ ಇದ್ದಳು. ಜಪಾನಿನವರಿಗೆ ಹೋಟೆಲ್ ಕಾದಿರಿಸಿದಳು. ಶುಕ್ರವಾರ ಊಟದ ಬಿಡುವಿನಲ್ಲಿ ಸೋಲ್ವೇಗಳ ಕಚೇರಿಗೆ ನಡೆದುಹೋದಳು.

"ನನ್ನ ಹೆಸರಿಗೆ ಆಗತ್ತಾ?"

ಸೋಲ್ವೇಗ್ ಕನ್ನಡಕ ಏರಿಸಿಕೊಂಡು ಅವಳನ್ನೇ ನೋಡಿದಳು. "ಹಕ್ಕುದಾರರು ಬಿಟ್ಟುಕೊಟ್ಟಿದ್ದಾರೆ ಅಂತ ಅವರ ಸಹಿ ಬೇಕು. ಆಗ ಆಗತ್ತೆ. ಆದ್ರೆ ನಿಂಗ್ಯಾಕೆ ಇದು? ನಿಮ್ಮಪ್ಪನ ಸಮಾಧಿ ನೋಡ್ಕೊಳ್ಳೋದೇ ಇದೆ."

"ಅದೂ ಇಲ್ಲೇ ಇದೆಯಲ್ಲ. ಒಂದೇ ದಾರಿ."

"ನೀನು ಹೀಗೇ," ಎಂದಳು ಸೋಲ್ವೇಗ್. "ಚಿಕ್ಕಂದಿನಿಂದ ಕಲ್ಲಿನ ಹಾಗೆ ಮುಖ ಇಟ್ಕೊಂಡು, ಮಾಡೋದು ಮಾಡಿಬಿಡೋದು." ಅರ್ಜಿಯನ್ನು ಮುಂದೆ ತಳ್ಳಿದಳು. "ಇಲ್ಲಿ ಮೃತರಿಗೆ ನೀನು ಏನಾಗಬೇಕು ಅಂತ ಬರೀಬೇಕು."

"ಖಾಲಿ ಬಿಟ್ರೆ?"

"ಕಂಪ್ಯೂಟರ್ ತಗೊಳಲ್ಲ. ಸ್ನೇಹಿತೆ ಅಂತ ಹಾಕು. ಬೇಕಾದಷ್ಟು ಜನ ಹಾಕ್ತಾರೆ."

ಗುನ್ವೋರ್ ಪೆನ್ನು ಹಿಡಿದು ಕೂತಳು. ಸ್ನೇಹ ಎಂಬ ಪದವನ್ನು ಅವಳು ಕಚೇರಿಯ ಕಾಗದಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಟೈಪ್ ಮಾಡಿದ್ದಳು. ಆ ಖಾನೆಯಲ್ಲಿ 'ಬಾಡಿಗೆ ಮನೆಯ ಒಡತಿ' ಎಂದು ಬರೆದಳು. ಸೋಲ್ವೇಗ್ ಅದನ್ನು ಓದಿ ಮುದ್ರೆ ಒತ್ತಿದಳು.

ಪುರಸಭೆಯ ಪರವಾಗಿ ಸಹಿ ಮಾಡಬೇಕಾದವನು ಮೋರ್ಟೆನ್. ಅವಳು ಕಾಗದ ಮೇಜಿನ ಮೇಲಿಟ್ಟಾಗ ಅವನು ಎರಡು ಸಲ ಓದಿದ.

"ಇದನ್ನ ನೀನು ಸ್ವಂತಕ್ಕೆ ಮಾಡ್ತಿರೋದು ತಾನೆ? ಪುರಸಭೆಗೂ ಇದಕ್ಕೂ ಸಂಬಂಧ ಇಲ್ಲ."

"ಇಲ್ಲ."

ಸಹಿ ಮಾಡಲು ಪೆನ್ನು ಎತ್ತಿದವನು ಹಾಗೆಯೇ ಹಿಡಿದುಕೊಂಡ. "ಟೇಬಲ್ ಟೆನಿಸ್ ಬ್ಯಾಟನ್ನ ಪೆನ್ ಹಿಡಿದ ಹಾಗೆ ಹಿಡೀಬೇಕು ಅಂತ ತೋರಿಸ್ತಿದ್ರು ಅವ್ರು. ನಂಗೆ ಬರ್ಲೇ ಇಲ್ಲ. ಬೈತಿರ್ಲಿಲ್ಲ, ಬಂದು ಬೆರಳು ಸರಿ ಮಾಡ್ತಿದ್ರು, ಅಷ್ಟೆ."

ಗುನ್ವೋರ್ ಕಾಯುತ್ತಾ ನಿಂತಳು.

"ಅವತ್ತು ಕ್ರೀಡಾಂಗಣದಲ್ಲಿ ನಾನಿದ್ದೆ, ಗೊತ್ತಲ್ಲ. ನಾವು ಆರು ಹುಡುಗರು. ನಿದ್ದೆ ಬಂದಿರಬೇಕು ಅಂದ್ಕೊಂಡ್ವಿ. ಸದ್ದು ಮಾಡಬೇಡ್ರೋ ಅಂತ ನಾನೇ ಹೇಳಿದೆ. ಇನ್ನೂ ಒಂದು ಗೇಮ್ ಆಡಿದ್ವಿ." ಅವನು ಕಿಟಕಿಯ ಕಡೆ ನೋಡಿದ. ಹೊರಗೆ ಗುತ್ತಿಗೆಯವರು ಕಂಬ ನೆಡಲು ಗುಂಡಿ ತೋಡುತ್ತಿದ್ದರು. "ಆ ಕಲ್ಲಿನ ಮೇಲೆ ಏನು ಬರೆದಿದೆ ಅಂತಾನೂ ನಂಗೊತ್ತಿಲ್ಲ. ಒಂದು ಸಲಾನೂ ಹೋಗಿಲ್ಲ."

"ಹೆಸರು ಇದೆ," ಎಂದಳು ಗುನ್ವೋರ್. "ಎರಡೂ ಲಿಪಿಯಲ್ಲಿ."

ಮೋರ್ಟೆನ್ ಸಹಿ ಮಾಡಿ ದಿನಾಂಕ ಹಾಕಿದ. ಕಾಗದವನ್ನು ಅವಳ ಕೈಗೆ ಕೊಡುವಾಗ ಜಪಾನಿನವರಿಗೆ ಮೀನು ಆಗುತ್ತದೆಯೇ, ವಿಚಾರಿಸಿದ್ದೀಯಾ ಎಂದು ಕೇಳಿದ. ವಿಚಾರಿಸಿದ್ದೇನೆ, ಆಗುತ್ತದಂತೆ ಎಂದಳು.

ಭಾನುವಾರ ಬೆಳಿಗ್ಗೆ ಗುನ್ವೋರ್ ಸ್ಮಶಾನಕ್ಕೆ ಹೋದಳು. ಬರ್ಚ್ ಮರಗಳ ನೆರಳಿದ್ದ ಕಡೆ ಹಿಮ ಇನ್ನೂ ಕರಗದೆ ಬೂದಿ ಬಣ್ಣಕ್ಕೆ ತಿರುಗಿತ್ತು. ಹಕ್ಕುದಾರರು ಸಮಾಧಿಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳತಕ್ಕದ್ದು ಎಂದು ಸೋಲ್ವೇಗ್ ಕೊಟ್ಟ ಹಾಳೆಯಲ್ಲಿ ಅಚ್ಚಾಗಿತ್ತು. ಹಿಂದೆಲ್ಲ ಪುರಸಭೆಯ ತೋಟದವರು ಮೊದಲೇ ಉಜ್ಜಿಟ್ಟಿರುತ್ತಿದ್ದರು. ಈ ವರ್ಷ ಯಾರೂ ಮುಟ್ಟಿರಲಿಲ್ಲ. ಕಲ್ಲಿನ ಕೆಳಗಿನ ಅರ್ಧಕ್ಕೆ ಹಸಿರು ಪಾಚಿ ಹತ್ತಿ ಹೆಸರು ಮುಚ್ಚಿಹೋಗಿತ್ತು. ಅವಳು ಮಂಡಿಯೂರಿ ಕೈಚೀಲದಿಂದ ಬಟ್ಟೆ ತೆಗೆದು ಉಜ್ಜಿದಳು. ಪಾಚಿ ಬಿಡಲಿಲ್ಲ.

"ಒಣ ಬಟ್ಟೇಲಿ ಹೋಗಲ್ಲಮ್ಮ ಅದು."

ಎರಡು ಸಮಾಧಿ ಆಚೆ ಉಣ್ಣೆಯ ಟೋಪಿ ಹಾಕಿದ ಮುದುಕನೊಬ್ಬ ಮಡಿಸುವ ಕುರ್ಚಿಯಲ್ಲಿ ಕೂತಿದ್ದ. ಅವಳು ಅವನನ್ನು ಅಲ್ಲಿ ಹಿಂದೆ ನೋಡಿರಲಿಲ್ಲ. ಪಕ್ಕದ ಕಲ್ಲು ಹೊಸದು.

"ನಲ್ಲೀಲಿ ನೀರಿಲ್ಲ," ಎಂದಳು.

"ಮೇ ತನಕ ಬಿಡಲ್ಲ. ಪೈಪು ಒಡೆಯತ್ತೆ ಅಂತ. ನಾನು ಮನೆಯಿಂದ್ಲೇ ತರ್ತೀನಿ." ಅವನು ಕಷ್ಟಪಟ್ಟು ಎದ್ದು, ಕ್ಯಾನು ಮತ್ತು ಗಟ್ಟಿ ಕೂದಲಿನ ಬ್ರಷ್ಷು ತಂದುಕೊಟ್ಟ. "ಅರ್ಧ ಹಾಕ್ಕೊ. ನನ್ನವಳಿಗೆ ಅರ್ಧ ಸಾಕು."

ಅವಳು ನೀರು ಸುರಿದು ಉಜ್ಜತೊಡಗಿದಳು. ಹಸಿರು ಮೊದಲು ಕಪ್ಪಾಗಿ, ಆಮೇಲೆ ತೆಳುವಾಗಿ ಕೆಳಗಿಳಿಯಿತು. ಲ್ಯಾಟಿನ್ ಅಕ್ಷರಗಳು ಬೇಗ ಬಂದವು. ಚೀನೀ ಅಕ್ಷರಗಳ ಗೆರೆಗಳಲ್ಲಿ ಸಿಕ್ಕಿಕೊಂಡದ್ದನ್ನು ತಲೆಯ ಪಿನ್ನು ತೆಗೆದು ಒಂದೊಂದಾಗಿ ಕೆದಕಬೇಕಾಯಿತು. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಅವಳಿಗೆ ತಿಳಿಯದು. ಮೇಲಿನಿಂದ ಶುರುಮಾಡಿದಳು.

ಮುದುಕ ಬಗ್ಗಿ ನೋಡಿದ. "ಯಾವ ದೇಶದೋರು?"

"ಚೀನಾ."

"ಓ," ಎಂದ ಅವನು. "ಎಡಗಡೆ ಕೆಳಗೆ ಇನ್ನೂ ಇದೆ ನೋಡು."

ಅವಳು ಅದನ್ನೂ ತೆಗೆದಳು. ಬೆರಳುಗಳು ಚಳಿಗೆ ಮರಗಟ್ಟಿ, ಪಿನ್ನು ಹಿಡಿದಿವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎದ್ದು ನಿಂತು ಕೈ ಕೋಟಿನೊಳಗೆ ಇಟ್ಟುಕೊಂಡಳು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಒದ್ದೆ ಕಲ್ಲು ಅಂಚಿನಿಂದ ಒಳಕ್ಕೆ ನಿಧಾನವಾಗಿ ಒಣಗುತ್ತಾ ಬಂತು. ಕೊರೆದ ಗೆರೆಗಳ ಒಳಗೆ ಮಾತ್ರ ನೀರು ಇನ್ನೂ ಕಪ್ಪಗೆ ನಿಂತಿತ್ತು.