ಹತ್ತಿರದ ಶಾಟಿನಲ್ಲಿದ್ದ ಕೈ

"ಜಾಯಿಂಟ್ ಕಾಣಬಾರ್ದು ಮೇಡಂ, ಅಷ್ಟೇ," ಎಂದು ಸಿದ್ಧಾರ್ಥ್ ಎರಡು ಟೇಪುಗಳನ್ನು ಮೇಜಿನ ಮೇಲಿಟ್ಟ. ಅವನು ಪೀಣ್ಯದ ಒಂದು ಕಾರ್ಖಾನೆಯ ಅಧಿಕಾರಿ. ಬಾಗಲಗುಂಟೆಯ ಮಹಡಿಯೊಂದರ ವಿಡಿಯೋ ಸ್ಟುಡಿಯೋಗೆ ಬಂದವನು ಕುರ್ಚಿ ತೋರಿಸಿದರೂ ಕೂರಲಿಲ್ಲ, ಗಡಿಯಾರ ನೋಡುತ್ತ ನಿಂತೇ ಇದ್ದ.

ಅಲ್ಲಿ ಎಡಿಟಿಂಗ್ ಮಾಡುವ ಪದ್ಮಾವತಿ ಎರಡನ್ನೂ ಹಾಕಿ ನೋಡಿದಳು. ಮೊದಲನೆಯದು ಸ್ಟುಡಿಯೋ ಮಾಲೀಕ ಚಿರಂಜೀವಿ ಫೆಬ್ರವರಿಯಲ್ಲಿ ತೆಗೆದಿದ್ದು. ನೀಲಿ ಅಂಗಿಯ ಕೆಲಸಗಾರನೊಬ್ಬ ಪವರ್ ಪ್ರೆಸ್ಸಿನ ಮುಂದೆ ಕೂತು ತಗಡು ಒಳಗಿಡುತ್ತಾನೆ, ಪೆಡಲ್ ತುಳಿಯುತ್ತಾನೆ, ಪ್ರೆಸ್ಸು ಧಡ್ ಎಂದು ಇಳಿಯುತ್ತದೆ. ಎರಡನೆಯದು ಮೊನ್ನೆಯದು. ಅದೇ ಪ್ರೆಸ್ಸು, ತೀರಾ ಹತ್ತಿರದಿಂದ. ಒಂದು ನೀಲಿ ತೋಳು, ಒಂದು ಬಲಗೈ, ಬೆರಳು ಪ್ರೆಸ್ಸಿಗೆ ಸಿಗದಂತೆ ಆ ಕೈ ಎಳೆದುಕೊಳ್ಳುವ ಹಳದಿ ಜಾಲರಿಯ ಗಾರ್ಡ್.

"ಫೆಬ್ರವರಿಲಿ ಈ ಗಾರ್ಡ್ ಇರ್ಲಿಲ್ವಲ್ಲ ಸಾರ್?"

"ಈಗ ಹಾಕ್ಸಿದೀವಲ್ಲ. ಆ ಹುಡ್ಗ ಲೀವಲ್ಲಿದಾನೆ, ಅದಕ್ಕೇ ಅದೇ ಕಲರಿನ ಇನ್ನೊಬ್ಬನ ಕೈ ಶೂಟ್ ಮಾಡಿದ್ವಿ. ಟ್ರೈನಿಂಗ್ ಫಿಲ್ಮ್ ಮೇಡಂ, ಯಾರು ಅಷ್ಟು ನೋಡ್ತಾರೆ?"

ಯಾರು ಅಷ್ಟು ನೋಡುತ್ತಾರೆ ಅಂದರೆ ಪದ್ಮಾವತಿಗೆ ಮೈಯೆಲ್ಲ ಉರಿಯುತ್ತಿತ್ತು. ಹತ್ತೊಂಬತ್ತು ವರ್ಷ ಫಿಲಂ ಲ್ಯಾಬಿನಲ್ಲಿ ಬಿಳಿ ಕೈಗವಸು ತೊಟ್ಟು ನೆಗೆಟಿವ್ ಕತ್ತರಿಸಿದವಳು ಅವಳು. ಲ್ಯಾಬಿಗೆ ಬೀಗ ಬಿದ್ದ ಮೇಲೆ ಮದುವೆ ವಿಡಿಯೋಗಳ ಪಾಲಾಗಿದ್ದಳು. ತಾಳಿ ಕಟ್ಟುವ ದೃಶ್ಯದಿಂದ ಹೂವಿನ ಕುಂಡಕ್ಕೆ, ಕುಂಡದಿಂದ ಊಟದ ಎಲೆಗೆ ಹಾರುವ ಕೆಲಸ. ಅದಕ್ಕೆ ಎಡಿಟಿಂಗ್ ಅನ್ನುವುದಾದರೆ ಹಜಾಮತಿಗೂ ಅನ್ನಬಹುದು.

ಲ್ಯಾಬಿನ ದಿನಗಳಲ್ಲಿ ಮುರಿಗೆಪ್ಪ ಮೇಷ್ಟ್ರು ಎಲೆಅಡಿಕೆ ಜಗಿಯುತ್ತ ಹೇಳಿಕೊಟ್ಟಿದ್ದು ಅವಳಿಗೆ ಬಾಯಿಪಾಠ. "ಮೊದಮೊದ್ಲು ಕ್ಯಾಮೆರಾನ ನಾಟಕ ನೋಡೋರ ಥರ ಒಂದೇ ಕಡೆ ನಿಲ್ಸಿಬಿಡೋರು ಕಣಮ್ಮ. ಆಮೇಲೆ ಯಾರೋ ಹತ್ರ ಹೋಗಿ ಬರೀ ಮುಖ ತೆಗೆದ್ರೆ, ಉಳಿದ ಮೈ ಎಲ್ಲೋಯ್ತು ಅಂತ ಜನ ಗಾಬರಿ ಬಿದ್ರಂತೆ. ಎಷ್ಟೋ ಜನ ತಿಣುಕಾಡಿ ಕೊನೆಗೆ ಕಂಡ್ಕೊಂಡ್ರು. ಕೈ ಏಳೋದನ್ನ ದೂರದಿಂದ ತೋರ್ಸು, ಇಳಿಯೋದನ್ನ ಹತ್ರದಿಂದ ತೋರ್ಸು, ನಡುವೆ ಕತ್ತರಿಸು. ಕಣ್ಣು ಕೈ ಹಿಂದೆ ಓಡುತ್ತೆ, ಕತ್ತರಿ ಹಿಂದೆ ಓಡಲ್ಲ."

ಅವಳು ಹಾಗೆಯೇ ಮಾಡಿದಳು. ಕೆಲಸಗಾರನ ಭುಜ ಪ್ರೆಸ್ಸಿನ ಬಾಯಿಗೆ ಅಡ್ಡ ಬರುವ ಗಳಿಗೆ ಹುಡುಕಿ, ಕೈ ಏಳುತ್ತಿದ್ದಂತೆ ಕತ್ತರಿಸಿ, ಬೇರೆಯವನ ಕೈಯಿಂದ ಇಳಿಸಿದಳು. ಗಾರ್ಡ್ ಬಿತ್ತು. ಮತ್ತೆ ಮೊದಲನೆಯವನ ಮುಖ. ಎರಡು ಕೈಗಳ ಬಣ್ಣವನ್ನೂ ಕೂದಲೆಳೆಯಷ್ಟು ತಿದ್ದಿದಳು. ಆರು ಸಲ ಹಿಂದೆ ಮುಂದೆ ಓಡಿಸಿ ನೋಡಿದಾಗ ಅವಳಿಗೇ ಖುಷಿಯಾಗಿ ಹೋಯಿತು. ಯಾಕೆ ಬೇಕಿತ್ತು ಈ ಕೆಲಸ ಅನ್ನುವ ಪ್ರಶ್ನೆ ಬರಲೇ ಇಲ್ಲವೆಂದಲ್ಲ, ಬಂತು. ಖುಷಿ ಅದನ್ನು ಆಚೆ ತಳ್ಳಿತು.

ವಾರ ಕಳೆದ ಮೇಲೆ ಚಿರಂಜೀವಿ, "ಅಕ್ಕ, ಆ ಕಂಪ್ನಿಯೋರು ಸಕ್ಕತ್ ಖುಷಿಯಾಗವ್ರೆ. ಇನ್ನೂ ಹತ್ತು ಫಿಲ್ಮ್ ಕೊಡ್ತಾರಂತೆ. ಹಳೇ ಟೇಪ್ ಎರಡೂ ಅಳಿಸ್ಬಿಡಿ, ಯಾರಿಗೂ ಕೊಡೋ ಹಾಗಿಲ್ಲ," ಎಂದು ಹೇಳಿ ಬೈಕ್ ಹತ್ತಿ ಹೋದ. ಅಳಿಸಲು ಅವಳಿಗೆ ಕೈ ಬರಲಿಲ್ಲ. ನೆಗೆಟಿವ್ ಕತ್ತರಿಸುವವರು ಚೂರನ್ನೂ ಎಸೆಯುವುದಿಲ್ಲ. ಒಂದು ಸಲ ಕುರ್ಚಿಯಲ್ಲಿ ಕೂತಳು, ಒಂದು ಸಲ ಕಿಟಕಿಗೆ ಹೋದಳು, ಕಾಫಿ ಆರಿ ಕೆನೆ ಕಟ್ಟಿತು.

ಆಗ ಮೆಟ್ಟಿಲು ಹತ್ತಿ ಬಂದವನ ಮುಖ ಅವಳಿಗೆ ಗೊತ್ತಿತ್ತು. ಆರು ಸಲ ಹಿಂದೆ ಮುಂದೆ ಓಡಿಸಿದ ಮುಖ. ಬಲಗೈ ತುಂಬ ಬ್ಯಾಂಡೇಜ್ ಸುತ್ತಿತ್ತು.

"ಮುನೀಂದ್ರ ಅಂತ ಅಕ್ಕ. ಇಲ್ಲೇ ಇಂದ್ಗಡೆ ಬೀದಿ. ನಮ್ ಫ್ಯಾಕ್ಟ್ರಿ ಫಿಲ್ಮ್ ನೀವೇ ಮಾಡಿದ್ದಂತಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಪದ್ಮಾವತಿ, "ನಾನು ಬರೀ ಜೋಡಿಸಿದ್ದಪ್ಪ," ಎಂದಳು. ಆಮೇಲೆ ಕೇಳಿದಳು. "ಕೈಗೆ ಏನಾಯ್ತು?"

"ಯುಗಾದಿ ಆದ್ಮೇಲೆ ಪ್ರೆಸ್ಸಿಗೆ ಸಿಕ್ತು. ನಾಕು ಬೆರಳು ಓದ್ವು." ಊರಿಗೆ ಬಸ್ಸು ತಪ್ಪಿತು ಅನ್ನುವ ಧಾಟಿಯಲ್ಲಿ ಹೇಳಿದ. "ಗಾರ್ಡ್ ಇರ್ಲಿಲ್ಲ ಅಂತ ನಾನು ಎನ್‌ಕ್ವೈರಿನಾಗೆ ಏಳ್ತಾ ಇದ್ದೆ. ಮೊನ್ನೆ ಈ ಫಿಲ್ಮ್ ಆಕಿ ತೋರ್ಸಿದ್ರು. ನೋಡಿದ್ರೆ ಫೆಬ್ರವರಿನಾಗೇ ಐತೆ, ನಾನೇ ಎಳೀತಾ ಇವ್ನಿ! ನೋವಿನ ಮಾತ್ರೆ ನುಂಗಿ ನುಂಗಿ ತಲೆ ಕೆಟ್ಟೈತೇನೋ. ನಾನೇ ಬಿಚ್ಚಿರ್ಬೇಕು. ತಪ್ಪು ನಂದೇ ಅಂತ ನಾಳೆ ಸೈನ್ ಆಕ್ಬೇಕು."

ಪದ್ಮಾವತಿ ಕೆನೆ ಕಟ್ಟಿದ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಅದಲ್ಲ ಅಕ್ಕ ನಾನು ಬಂದಿದ್ದು," ಎಂದ ಅವನು, ಸಂಕೋಚದಿಂದ. "ಒಂದು ಕಾಪಿ ಬೇಕಾಗಿತ್ತು. ನನ್ ಬಲಗೈ ಸರ್ಯಾಗಿರೋ ಫೋಟ ಎಲ್ಲೂ ಇಲ್ಲ. ಇದ್ರಾಗೆ ಅತ್ರದಿಂದ ಚೆನ್ನಾಗಿ ಬಂದೈತೆ, ಐದು ಬೆರಳೂ ಕಾಣ್ತವೆ. ನಮ್ಮವ್ವ ನೋಡ್ಬೇಕು ಅಂತಾಳೆ."

ಅವಳು ಎದ್ದಳು. ಬಾಗಿಲವರೆಗೆ ಹೋದಳು. ಕೆಳಗೆ ರಸ್ತೆಯಲ್ಲಿ ಶಿಫ್ಟ್ ಬಿಟ್ಟ ಜನ ಬೈಕುಗಳಲ್ಲಿ ನುಗ್ಗುತ್ತಿದ್ದರು. ಕಾಪಿ ಕೊಟ್ಟು ಕಳಿಸಿಬಿಡಬಹುದಿತ್ತು. ತಾಯಿ ಮಗ ಇಬ್ಬರೂ ಯಾರದೋ ಕೈ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು, ಚಿರಂಜೀವಿಗೆ ಹತ್ತು ಫಿಲ್ಮು ಸಿಗುತ್ತಿತ್ತು, ಈ ವಯಸ್ಸಿನಲ್ಲಿ ಅವಳ ಕುರ್ಚಿಯೂ ಉಳಿಯುತ್ತಿತ್ತು. ಅವಳು ವಾಪಸು ಬಂದು ಕುರ್ಚಿಯೊಂದನ್ನು ಪರದೆಯ ಹತ್ತಿರ ಎಳೆದಳು.

"ಕೂತ್ಕೊ ಮುನೀಂದ್ರ. ಆ ಕೈ ನಿಂದಲ್ಲ ಕಣಪ್ಪ."

ಅವನು ನಕ್ಕ. ಅವಳು ಕತ್ತರಿಸಿದ ಜಾಗಕ್ಕೆ ಹೋಗಿ ನಿಲ್ಲಿಸಿದಳು. ಒಂದು ಗುಂಡಿ ಒತ್ತಿದರೆ ಅವನ ಭುಜ, ಇನ್ನೊಮ್ಮೆ ಒತ್ತಿದರೆ ಇನ್ನೊಬ್ಬನ ಕೈ. ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಮೂರನೆಯ ಸಲಕ್ಕೆ ಅವನು ಹತ್ತಿರ ಬಾಗಿದ. ಹೆಬ್ಬೆರಳಿನ ಬುಡದಲ್ಲಿ ತನಗೆ ಸುಟ್ಟ ಕಲೆ ಇತ್ತು, ಇದರಲ್ಲಿ ಇಲ್ಲ ಎಂದ. ನಗು ಎಲ್ಲಿ ಹೋಯಿತೋ.

"ಎಷ್ಟು ಚೆನ್ನಾಗಿ ಮಾಡಿದೀರಕ್ಕ," ಎಂದ ಕೊನೆಗೆ. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ಮತ್ತೆ ಆವತ್ತು ಗಾರ್ಡ್?"

"ಇರ್ಲಿಲ್ಲ. ನಿನ್ ತಲೆ ಕೆಟ್ಟಿಲ್ಲ. ನಾಳೆ ಸೈನ್ ಹಾಕ್ಬೇಡ. ಯಾರು ಜೋಡಿಸಿದ್ದು ಅಂತ ಕೇಳಿದ್ರೆ ನನ್ ಹೆಸರು ಹೇಳು. ನಾನೇ ಬಂದು ಹೇಳ್ತೀನಿ."

ಅವಳು ಫೆಬ್ರವರಿಯ ಟೇಪನ್ನು ಮೊದಲಿನಿಂದ ಹಾಕಿ, ಕಾಪಿಗೆ ಹಚ್ಚಿದಳು. ಟೇಪು ಓಡಿದಷ್ಟೇ ಹೊತ್ತು ಕಾಪಿಗೂ ಬೇಕು. ನಲವತ್ತು ನಿಮಿಷ, ಒಂದು ಕಡೆಯೂ ಕತ್ತರಿಯಿಲ್ಲ. ಪರದೆಯ ಮೇಲೆ ಮುನೀಂದ್ರ ತಗಡು ಇಡುತ್ತಿದ್ದ, ಜಾಲರಿಯಿಲ್ಲದ ಪ್ರೆಸ್ಸಿನ ಬಾಯಿಗೆ ಬರಿಗೈ ಹಾಕಿ ತೆಗೆಯುತ್ತಿದ್ದ. ಒಂದಾದ ಮೇಲೊಂದು, ಬೇಗ ಬೇಗ. ಪ್ರತಿ ಸಲವೂ ಐದು ಬೆರಳಿನ ಕೈ ಹಾಗೇ ಆಚೆ ಬರುತ್ತಿತ್ತು. ಪ್ರತಿ ಸಲ ಪ್ರೆಸ್ಸು ಇಳಿದಾಗಲೂ ಕುರ್ಚಿಯಲ್ಲಿದ್ದ ಮುನೀಂದ್ರ ಬ್ಯಾಂಡೇಜಿನ ಕೈಯನ್ನು ಎದೆಗೆಳೆದುಕೊಳ್ಳುತ್ತಿದ್ದ.