ಇವರು ಗೊರಕೆ ಹೊಡೆಯುವುದಿಲ್ಲ

ಮಗಳು ತಟ್ಟೆಯ ಮುಂದೆ ಕುಳಿತು ಫೋನನ್ನೇ ನೋಡುತ್ತಿದ್ದಳು. ಊಟ ಆರಿ ತಣ್ಣಗಾಗಿತ್ತು.

“ಅಮ್ಮಾ, ಗೇಮಿಂದ ನನ್ನ ಸದ್ದನ್ನೆಲ್ಲ ತೆಗೀತಾರಂತೆ,” ಎಂದಳು.

ಅವಳ ಕೆಲಸ ಗೇಮ್‌ಗಳಿಗೆ ಸದ್ದು ಕೂಡಿಸುವುದು. ನಾಲ್ಕೇ ಜನರ ಪುಟ್ಟ ಕಂಪನಿ, ಇದು ಅವರ ಮೊದಲ ಗೇಮ್. ಅದರಲ್ಲಿ ಹಿಮದ ಮೇಲೆ ನಡೆಯುವ ಸದ್ದು ಎಂದರೆ ನನ್ನ ಕಾರ್ನ್‌ಫ್ಲೋರನ್ನು ಬಟ್ಟೆಚೀಲಕ್ಕೆ ತುಂಬಿ ಹಿಸುಕಿದ್ದು. ಮೂಳೆ ಮುರಿಯುವ ಸದ್ದು ನನ್ನ ಕ್ಯಾರೆಟ್. ರೆಕಾರ್ಡಿಂಗ್ ನಡೆಯುತ್ತಿದ್ದ ದಿನಗಳಲ್ಲಿ ಪಾತ್ರೆ ತೊಳೆಯಲೂ ಅವಳ ಅಪ್ಪಣೆ ಬೇಕಿತ್ತು. ಗೇಮಿನ ಜೀವಾಳವೆಂದರೆ ಗುಹೆಯಲ್ಲಿ ಮಲಗಿರುವ ಒಂದು ದೈತ್ಯ ಪ್ರಾಣಿ. ಅದರ ಉಸಿರಿಗೆ ಕಿವಿಗೊಟ್ಟು, ಅದು ಏಳದಂತೆ ಆಟಗಾರರು ದಾಟಿ ಹೋಗಬೇಕು.

ಗೇಮನ್ನು ಆಡಿಯೇ ಇಲ್ಲದ ಮಹಾಶಯನೊಬ್ಬ ಅದರದೊಂದು ತುಣುಕನ್ನು ಫೋನಿನಲ್ಲಿ ಕೇಳಿ ಬರೆದಿದ್ದ: ಜೀವ ಇರುವ ಯಾವ ಗಂಟಲೂ ಹೀಗೆ ಸದ್ದು ಮಾಡುವುದಿಲ್ಲ, ಇದೆಲ್ಲ ಎಐ ಮಾಡಿದ್ದು, ಮೋಸಹೋಗಬೇಡಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಸಂಜೆಯೊಳಗೆ ನೂರಾರು ಜನ ಬಂದು ಒಂದೊಂದೇ ಸ್ಟಾರ್ ಕೊಟ್ಟು ಹೋಗಿದ್ದರು. ಅವರಲ್ಲಿ ಎಷ್ಟು ಮಂದಿ ಗುಹೆಯ ಬಾಗಿಲನ್ನಾದರೂ ಕಂಡಿದ್ದರೋ!

ಕಂಪನಿಯ ಒಡತಿ ಕೆಟ್ಟವಳಲ್ಲ. “ನನಗೆ ನಂಬಿಕೆ ಇದೆ, ಆದ್ರೆ ಜನಕ್ಕೆ ಏನು ತೋರಿಸ್ಲಿ? ಸೋಮವಾರದೊಳಗೆ ಏನಾದ್ರೂ ಕೊಡು, ಇಲ್ಲಾಂದ್ರೆ ಬೇರೆ ಸದ್ದು ಕೊಂಡು ಹಾಕ್ತೀನಿ,” ಎಂದಿದ್ದಳಂತೆ.

“ಮೂಲ ರೆಕಾರ್ಡಿಂಗ್ ಇದೆಯಲ್ಲೇ?” ಎಂದೆ.

“ಇದೆ. ಹಾಕಿದ್ರೆ ಅಪ್ಪನ ಮಾನ ಹೋಗುತ್ತೆ.”

ಆ ಪ್ರಾಣಿಯ ಉಸಿರು ಇವರ ಗೊರಕೆ. ಇವರು ರಾತ್ರಿಪಾಳಿಯ ಬಸ್ ಡ್ರೈವರ್, ಮಧ್ಯಾಹ್ನ ಮಲಗುತ್ತಾರೆ. ಮಗಳು ಬಾಗಿಲ ಸಂದಿಯಲ್ಲಿ ಮೈಕ್ ಇಟ್ಟು ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಳು. ಇವರಿಗೆ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಮದುವೆಯಾದಾಗಿನಿಂದ ಇವರದು ಒಂದೇ ಮಾತು: “ನಾನು ಗೊರಕೆ ಹೊಡೆಯೋದೇ ಇಲ್ಲ.” ನನ್ನ ತಂಗಿ ಬಂದು ನಿದ್ದೆಗೆಟ್ಟು ಕೂತಾಗ “ನಲ್ಲಿ ಸದ್ದಿರಬೇಕು” ಎಂದವರು. ಡಿಪೋದಲ್ಲಿ ಜೊತೆಯವರು ಇವರ ಹಾಸಿಗೆಯನ್ನು ವರಾಂಡಕ್ಕೆ ಹಾಕಿದಾಗ “ಹೊಟ್ಟೆಕಿಚ್ಚು” ಎಂದವರು.

ಅಷ್ಟರಲ್ಲಿ ಇವರೇ ಕಣ್ಣುಜ್ಜುತ್ತಾ ಎದ್ದುಬಂದರು. ಮಗಳು ಗೊರಕೆಯ ವಿಷಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಇವರಿಗೆ ರೇಗಿತು.

“ಆಡದೇ ಇರೋನು ಹೇಳೋದು, ಉಳಿದೋರು ಕೇಳೋದಾ? ದಾರೀನೇ ನೋಡ್ದೆ ಡ್ರೈವರ್‌ಗೆ ದಾರಿ ಹೇಳೋ ಪ್ಯಾಸೆಂಜರ್‌ಗಳು! ನಿಜವಾದ ಸದ್ದು ಇದ್ಯಲ್ಲ, ಕೇಳಿಸಿಬಿಡು, ಮುಗೀತು.”

ಮಗಳು ನನ್ನ ಮುಖ ನೋಡಿದಳು. ನಾನು ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದೆ.

“ಮೊದ್ಲು ಅಪ್ಪನಿಗೆ ಕೇಳಿಸಮ್ಮ,” ಎಂದೆ.

ಮೊದಲು ಸಣ್ಣ ಸಿಳ್ಳೆ. ಆಮೇಲೆ ಬಂಡೆ ಉರುಳಿದಂತೆ ಗೊರಗೊರ. ನಡುವೆ ಉಸಿರೇ ನಿಂತಂಥ ಮೌನ. ಮತ್ತೆ ಗೊರಗೊರ. ಕೊನೆಗೆ ನನ್ನದೇ ಧ್ವನಿ: “ರೀ, ಮಗ್ಗುಲಾಗ್ರೀ! ಪಕ್ಕದ್ಮನೆ ಮಗು ಎದ್ದುಬಿಡುತ್ತೆ!” ಅದಕ್ಕೆ ನಿದ್ದೆಯಲ್ಲೇ ಇವರ ಉತ್ತರ: “ನಾನೆಲ್ಲಿ ಹೊಡೀತಿದೀನಿ?” ಮರುಕ್ಷಣವೇ ಗೊರಗೊರ.

“ಇದು... ನಾನಾ?”

“ನೀನೇ ಅಪ್ಪ. ಕೇಳದೆ ರೆಕಾರ್ಡ್ ಮಾಡಿದ್ದು ತಪ್ಪಾಯ್ತು. ಬೇಡ ಅಂದ್ರೆ ಹಾಕಲ್ಲ.”

ಇವರು ಇನ್ನೊಮ್ಮೆ ಹಾಕಿಸಿ ಕೇಳಿದರು. ಕಿವಿ ಕೆಂಪಗಾಗಿತ್ತು. ಡಿಪೋದವರೆಲ್ಲ ನೆನಪಾದರೆಂದು ಕಾಣುತ್ತದೆ.

“ಇಷ್ಟು ವರ್ಷ ಇದ್ರ ಪಕ್ಕ ಮಲಗಿದ್ಯೇನೇ?”

“ಮಲಗಿದ್ದೆ ಅಂತ ಯಾರು ಹೇಳಿದ್ದು?”

ಮಗಳು ಪಕ್ಕನೆ ನಕ್ಕಳು, ಆ ದಿನ ಮೊದಲ ಬಾರಿಗೆ. ಇವರು ಅವಳನ್ನೇ ನೋಡುತ್ತಾ ನಿಂತರು. “ಹಾಕು. ಜೀವ ಇರೋ ಗಂಟಲಲ್ಲ ಅಂದ್ನಲ್ಲ, ಅವನಿಗೆ ನನ್ನ ಮುಖಾನೂ ತೋರಿಸು.”

ಮರುದಿನ ಮಧ್ಯಾಹ್ನ ವಿಡಿಯೊ. ಕ್ಯಾಮೆರಾ ಕಂಡು ಇವರಿಗೆ ನಿದ್ದೆಯೇ ಹತ್ತಲಿಲ್ಲ. ಬೇಕೆಂದೇ ಹೊಡೆದ ಗೊರಕೆಗೆ ಮಗಳು, “ಅಪ್ಪ, ಇದು ನಿಜವಾಗ್ಲೂ ಮೋಸದ ಥರಾನೇ ಇದೆ,” ಎಂದಳು. ಕೊನೆಗೆ ನಾನು ಹಾಸಿಗೆಯ ಅಂಚಿನಲ್ಲಿ ಕುಳಿತು ಒಗೆದ ಬಟ್ಟೆ ಮಡಚತೊಡಗಿದೆ. ಆ ಸಪ್ಪಳಕ್ಕೆ, ದಿನದ ಅಭ್ಯಾಸವಲ್ಲವೇ, ರಾಶಿ ಅರ್ಧವಾಗುವಷ್ಟರಲ್ಲಿ ಗುಹೆಯ ಪ್ರಾಣಿ ಬಂದೇಬಿಟ್ಟಿತು.

ಮೂಲ ರೆಕಾರ್ಡಿಂಗ್, ವಿಡಿಯೊ ಎರಡನ್ನೂ ಹಾಕಿದರು. “ಆ ಮನುಷ್ಯನೇ ಎಐ,” ಎಂದವರೂ ಇದ್ದರು. ಆದರೆ ಬಹಳ ಜನ ಗೇಮನ್ನು ಆಡಿ ನೋಡಿದರು. ಒಬ್ಬಳು ತನ್ನ ಸ್ಟಾರ್ ಬದಲಿಸಿ, “ಕೇಳಿದ ಮಾತು ನಂಬಿ ಬರೆದಿದ್ದೆ. ಈಗ ಆಡಿದೆ. ಅಂಕಲ್ ನನ್ನನ್ನು ಮೂರು ಸಲ ತಿಂದರು,” ಎಂದು ಬರೆದಳು. ಸೋಮವಾರ ಒಡತಿಯ ಫೋನ್ ಬಂತು: ಸದ್ದುಗಳು ಇದ್ದಲ್ಲೇ ಇರುತ್ತವೆ.

ಆ ಗದ್ದಲದಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರ ಎರಡು ಸಾಲೂ ಇದ್ದವು: ನಿದ್ದೆಯ ತೊಂದರೆ ಇರುವವರ ವಾರ್ಡಿನಲ್ಲಿ ನನ್ನ ಕೆಲಸ, ನಡುವೆ ಉಸಿರು ನಿಂತಂತಾಗುವುದು ಒಳ್ಳೆಯದಲ್ಲ, ದಯವಿಟ್ಟು ಡಾಕ್ಟರಿಗೆ ತೋರಿಸಿ. ಬಲ್ಲವರ ಮಾತು ಎಂದು ನಾನು ಇವರನ್ನು ಎಳೆದುಕೊಂಡೇ ಹೋದೆ. ಆಕೆ ಹೇಳಿದ್ದು ನಿಜವಾಗಿತ್ತು.

ಈಗ ಇವರು ಮೂಗಿಗೆ ಡಾಕ್ಟರು ಕೊಟ್ಟ ಗಾಳಿಯ ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ. ಕೋಣೆ ನಿಶ್ಶಬ್ದ. ಎದ್ದ ಮೇಲೆ ಮುಖದಲ್ಲಿ ಕಳೆಯೂ ಇರುತ್ತದೆ, ಜಂಬವೂ.

“ನೋಡು, ನಾನು ಗೊರಕೆ ಹೊಡೆಯೋದೇ ಇಲ್ಲ ಅಂತ ಅವತ್ತಿಂದಾನೂ ಹೇಳ್ತಿರ್ಲಿಲ್ವೇನೇ?”